ಆರು ಸಬ್ಜೆಕ್ಟು, ಮೂರೇ ದಿನ ಕ್ಲಾಸು: ಈ ಟೈಮ್‌ಟೇಬಲ್ ನಡೆಯುತ್ತಾ?

ಮೂರನೇಸೆಮ್
ಎಲ್ರಿಗೂ ನಮಸ್ಕಾರ. ರಿಜಿಸ್ಟ್ರೇಷನ್ ಕ್ಲೋಸ್ ಆಗೋಕೆ ಇನ್ನ ಒಂಬತ್ತು ದಿನ ಇದೆ, ನಮ್ಮಲ್ಲಿ ಸಬ್ಜೆಕ್ಟೂ ನಾವೇ ಆರಿಸ್ಬೇಕು, ಯಾವ ಸೆಕ್ಷನ್, ಅಂದ್ರೆ ಅದೇ ಸಬ್ಜೆಕ್ಟಿನ ಯಾವ ಟೈಮಿನ ಬ್ಯಾಚ್ ಅಂತಾನೂ ನಾವೇ ಆರಿಸ್ಬೇಕು. ಎರಡು ರಾತ್ರಿ ಕೂತು ಒಂದು ಪ್ಲಾನ್ ಮಾಡಿದೀನಿ, ಹೇಳಿ ಹೇಗಿದೆ ಅಂತ. ಗಣಿತ 4 ಕ್ರೆಡಿಟ್, ಸ್ಟ್ಯಾಟಿಸ್ಟಿಕ್ಸ್ 4, ಕೆಮಿಸ್ಟ್ರಿ ಲ್ಯಾಬ್ ಸೇರಿ 4, ಪ್ರೋಗ್ರಾಮಿಂಗ್ ಲ್ಯಾಬ್ ಸೇರಿ 4, ಎಕನಾಮಿಕ್ಸ್ ಎಲೆಕ್ಟಿವ್ 3, ರೈಟಿಂಗ್ ಕೋರ್ಸ್ 3. ಒಟ್ಟು 22 ಕ್ರೆಡಿಟ್, ಕ್ಲಾಸಲ್ಲಿ ಕೂರೋದು ವಾರಕ್ಕೆ 25 ಗಂಟೆ.

ಮಜಾ ಏನಂದ್ರೆ ಸೆಕ್ಷನ್‌ಗಳನ್ನ ಆ ಕಡೆ ಈ ಕಡೆ ಜರುಗಿಸಿ ಎಲ್ಲಾನೂ ಸೋಮ ಮಂಗಳ ಬುಧ ಮೂರೇ ದಿನಕ್ಕೆ ತುರುಕಿದೀನಿ. ಬೆಳಿಗ್ಗೆ 8ರಿಂದ ಸಂಜೆ 5, ಬುಧವಾರ ಮಾತ್ರ 6. ಮಧ್ಯೆ ಒಂದು ಗಂಟೆ ಬ್ರೇಕ್. ಗುರುವಾರ ಶುಕ್ರವಾರ ಶನಿವಾರ ಪಾರ್ಟ್ ಟೈಮ್ ಕೆಲಸ, ದಿನಕ್ಕೆ 5 ಗಂಟೆ. ಭಾನುವಾರ ಪೂರ್ತಿ ಖಾಲಿ. ಕಾಲೇಜಿಗೆ ಹೋಗೋಕೆ ಒಂದು ಗಂಟೆ ಬರೋಕೆ ಒಂದು ಗಂಟೆ ಆದ್ದರಿಂದ ಮೂರೇ ದಿನ ಓಡಾಡೋದು ಅಂದ್ರೆ ಎಷ್ಟು ಉಳಿತಾಯ ನೋಡಿ. ನನ್ ಫ್ರೆಂಡ್ಸ್ ಎಲ್ಲ ಸೂಪರ್ ಅಂತಿದಾರೆ. ನಂಗೆ ಮಾತ್ರ ಯಾಕೋ ಒಳಗೇ ಡವಡವ ಅಂತಿದೆ.

ಕೊನೇಬೆಂಚು
ಸೂಪರ್ರೇ ಗುರು. ನಾಲ್ಕು ದಿನ ಕಾಲೇಜಿನ ಮುಖ ನೋಡೋ ಹಾಗಿಲ್ಲ ಅಂದ್ರೆ ಇನ್ನೇನ್ ಬೇಕು. ನಾನು ಒಂದ್ಸಲ 24 ಕ್ರೆಡಿಟ್ ಮಾಡಿದೀನಿ, ಬದುಕಿದೀನಿ. ಕಣ್ಮುಚ್ಕೊಂಡು ಹಾಕು.

ಗಣಿತದವಳು
ಕಣ್ಮುಚ್ಕೊಂಡು ಬೇಡ, ಒಂದ್ ನಿಮಿಷ ಲೆಕ್ಕ ಹಾಕೋಣ.

ಕ್ರೆಡಿಟ್ ಅಂದ್ರೆ ಕ್ಲಾಸಲ್ಲಿ ಕೂತ ಗಂಟೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ಹಾಗಲ್ಲ. ಅಮೆರಿಕದಲ್ಲಿ ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಅದರ ಹೊರಗೆ ಕಡಿಮೆ ಅಂದ್ರೂ ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ. ಯುರೋಪಲ್ಲಿ ಒಂದು ಕ್ರೆಡಿಟ್ ಅಂದ್ರೆ ಒಟ್ಟು 25ರಿಂದ 30 ಗಂಟೆ ಕೆಲಸ, ವರ್ಷಕ್ಕೆ 60 ಕ್ರೆಡಿಟ್. ಭಾರತದ ಹೊಸ ಕ್ರೆಡಿಟ್ ಚೌಕಟ್ಟಲ್ಲಿ ಒಂದಕ್ಕೆ 30 ಗಂಟೆ, ವರ್ಷಕ್ಕೆ 40. ಅಂದ್ರೆ ಒಂದೇ ಹೆಸರು, ಅಳತೆ ಬೇರೆ ಬೇರೆ. ಬೇರೆ ಊರಿನ ಯಾರೋ ವಿಡಿಯೋದಲ್ಲಿ 15 ಕ್ರೆಡಿಟ್ ಸಾಕು ಅಂದ್ರೆ ಅದು ನಿಂಗೆ ಹೊಂದಲ್ಲ, 30 ಆರಾಮಾಗಿ ಮಾಡ್ದೆ ಅಂದ್ರೂ ಹೊಂದಲ್ಲ. ನಿನ್ ಸಿಲಬಸ್ ಮೊದಲ ಪುಟದಲ್ಲಿ ಒಂದು ಕ್ರೆಡಿಟ್‌ಗೆ ಎಷ್ಟು ಗಂಟೆ ಅಂತ ಇರುತ್ತೆ, ಅದನ್ನ ಹುಡುಕು ಮೊದಲು.

ಈಗ ಜಾಸ್ತಿ ಕಡೆಯ ಅಳತೆ, ಅಂದ್ರೆ ಕ್ರೆಡಿಟ್‌ಗೆ ವಾರಕ್ಕೆ 3 ಗಂಟೆ ತಗೋ. 22 × 3 = 66 ಗಂಟೆ. ಕೆಲಸ 15. ನಿದ್ದೆ ದಿನಕ್ಕೆ 8ರ ಲೆಕ್ಕದಲ್ಲಿ 56. ಕಾಲೇಜಿನ ಓಡಾಟ 6, ಕೆಲಸದ ಜಾಗಕ್ಕೆ ಓಡಾಟ ಮೂರು ಗಂಟೆ ಅಂತಿಟ್ಕೋ. ಕೂಡು: 146. ವಾರಕ್ಕೆ ಇರೋದು 168. ಉಳಿದಿದ್ದು 22, ದಿನಕ್ಕೆ ಮೂರು ಗಂಟೆ ಚಿಲ್ಲರೆ. ಅದರಲ್ಲಿ ಸ್ನಾನ, ಊಟ, ಬಟ್ಟೆ, ಅಮ್ಮನ ಫೋನು, ಸುಮ್ನೆ ಗೋಡೆ ನೋಡ್ಕೊಂಡು ಕೂರೋದು ಎಲ್ಲಾ ಆಗ್ಬೇಕು. ಕಡಿಮೆ ಕಡೆಯ ಅಳತೆ, ಅಂದ್ರೆ ಕ್ರೆಡಿಟ್‌ಗೆ 30 ಗಂಟೆ ತಗೊಂಡ್ರೆ 15 ವಾರಕ್ಕೆ ಹಂಚಿದಾಗ ವಾರಕ್ಕೆ 44 ಬರುತ್ತೆ, ಆಗ ದಿನಕ್ಕೆ ಆರು ಗಂಟೆ ಮೇಲೆ ಉಳಿಯುತ್ತೆ, ಅದು ಬದುಕು. ನಿಂದು ಇವೆರಡರ ಮಧ್ಯೆ ಎಲ್ಲಿದೆ ಅನ್ನೋದೇ ಪ್ರಶ್ನೆ.

ಕೊನೇಬೆಂಚು
ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಯಾರ್ ಓದ್ತಾರೆ ಅಕ್ಕ, ಪುಸ್ತಕದಲ್ಲಿ ಬರೆಯೋಕೆ ಚಂದ ಅಷ್ಟೆ.

ಗಣಿತದವಳು
ಒಪ್ತೀನಿ, ಪೂರ್ತಿ ಅಲ್ಲ. ನಾನು ಎರಡು ವಾರ ಫೋನಲ್ಲಿ ಬರ್ಕೊಂಡಿದ್ದೆ, ಓದೋಕೆ ಕೂತಾಗ ಟೈಮ್ ಎದ್ದಾಗ ಟೈಮ್. ಥಿಯರಿ ಸಬ್ಜೆಕ್ಟುಗಳಿಗೆ ಒಂದಕ್ಕೆ ಒಂದೂಕಾಲು ಬಂತು, ಎರಡು ಇಲ್ಲ. ಆದ್ರೆ ಪ್ರೋಗ್ರಾಮಿಂಗ್ ಲ್ಯಾಬು ಎರಡು ಗಂಟೆದು, ಮನೇಲಿ ಅದೊಂದೇ ಆರು ಗಂಟೆ ತಿಂತಿತ್ತು. ಲ್ಯಾಬ್ ಅಂದ್ರೆ ಒಂದೇ ಕ್ರೆಡಿಟ್ ತಾನೇ ಅಂತ ಸಸಾರ ಮಾಡ್ಬೇಡಿ ಅನ್ನೋದು ಅದಕ್ಕೇ. ರೆಕಾರ್ಡ್ ಬರೆಯೋದು, ಓಡದೇ ಇರೋ ಕೋಡು, ಪಾರ್ಟ್ನರ್ ಮಾಯ ಆಗೋದು, ಇದ್ಯಾವುದೂ ಕ್ರೆಡಿಟ್ ಲೆಕ್ಕದಲ್ಲಿ ಬರಲ್ಲ.

ಚಾಕ್‌ಪೀಸು
ನಾನು ಪಾಠ ಮಾಡೋ ಕಡೆಯವನು, ಹಾಗಾಗಿ ಬೇರೆ ದಿಕ್ಕಿಂದ ಹೇಳ್ತೀನಿ. ಒಟ್ಟು ಗಂಟೆ ಎಷ್ಟು ಅನ್ನೋದಕ್ಕಿಂತ ನೀವು ಅದನ್ನ ಹರಡಿರೋ ರೀತಿ ನಂಗೆ ಭಯ. ಎಂಟು ಗಂಟೆ ಕ್ಲಾಸ್ ಇರೋ ದಿನ ಕೊನೇ ಪೀರಿಯಡ್ಡಿಗೆ ಬಂದು ಕೂತವರ ಮುಖ ನಾನು ದಿನಾ ನೋಡ್ತೀನಿ. ಕಣ್ಣು ತೆರ್ದಿರುತ್ತೆ, ಮನುಷ್ಯ ಒಳಗಿರಲ್ಲ. ನೋಟ್ಸ್ ಬರೀತಿರ್ತಾರೆ, ಮಾರನೇ ದಿನ ಅವರದೇ ಅಕ್ಷರ ಅವರಿಗೇ ಅರ್ಥ ಆಗಲ್ಲ.

ಇನ್ನೊಂದು, ಸೋಮ ಮಂಗಳ ಬುಧ ಗಣಿತ ಕೇಳಿ ಆಮೇಲೆ ಮುಂದಿನ ಸೋಮವಾರದವರೆಗೆ ಆ ಕಡೆ ತಲೆ ಹಾಕದೇ ಇದ್ರೆ ಮಧ್ಯೆ ನಾಲ್ಕು ದಿನ ಬರಿದು. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯವರು, ಅರ್ಥವೇ ಇಲ್ಲದ ಅಕ್ಷರ ಗುಂಪುಗಳನ್ನ ತಾವೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೀತೀವಿ ಅಂತ ಅಳೆದು 1885ರಲ್ಲಿ ಪ್ರಕಟ ಮಾಡಿದ್ರು. ಮರೆವು ಮೊದಲ ಒಂದೆರಡು ದಿನದಲ್ಲೇ ಜೋರು, ಆಮೇಲೆ ನಿಧಾನ. ಒಂದೇ ಸಲ ಗುಡ್ಡೆ ಹಾಕಿ ಓದೋದಕ್ಕಿಂತ ಬಿಡಿಸಿ ಬಿಡಿಸಿ ಓದಿದ್ದು ಜಾಸ್ತಿ ನಿಲ್ಲುತ್ತೆ. ವಾರದಲ್ಲಿ ಮೂರು ಕ್ಲಾಸನ್ನ ದಿನ ಬಿಟ್ಟು ದಿನ ಇಡ್ತಾರಲ್ಲ, ಅದರಿಂದ ಆ ಕೆಲಸ ತಾನಾಗೇ ಅರ್ಧ ಆಗಿರುತ್ತೆ. ನೀವು ಅದನ್ನ ಕೈಯಾರೆ ಕಿತ್ತು ಹಾಕ್ತಿದೀರಿ. ಸೋಮವಾರ ಕೊಟ್ಟ ಲೆಕ್ಕ ಮಂಗಳವಾರಕ್ಕೆ ಬೇಕು ಅಂದ್ರೆ ಸೋಮವಾರ ಸಂಜೆ ಆರಕ್ಕೆ ಮನೆ ತಲುಪಿ ಯಾವಾಗ ಮಾಡ್ತೀರಿ?

ಆಮೇಲೆ ಒಂದು ಜ್ವರ. ಬೇರೆಯವರಿಗೆ ಒಂದು ದಿನ ರಜ ಅಂದ್ರೆ ನಾಲ್ಕೈದು ಗಂಟೆ ಪಾಠ ಹೋಗುತ್ತೆ. ನಿಮಗೆ ವಾರದ ಮೂರನೇ ಒಂದು ಭಾಗ.

ಮೂರನೇಸೆಮ್
ಸರ್ ಜ್ವರದ ವಿಷಯ ನಾನು ಯೋಚ್ನೇನೇ ಮಾಡಿರ್ಲಿಲ್ಲ 😐 ಹಾಜರಾತಿನೂ ಒಂದೇ ಏಟಿಗೆ ಎಲ್ಲಾ ಸಬ್ಜೆಕ್ಟಲ್ಲೂ ಹೋಗುತ್ತೆ ಅಲ್ವಾ.

ಅರ್ಧನಿದ್ದೆ
ಬೆಳಿಗ್ಗೆ 8ಕ್ಕೆ ಶುರುವಾಗೋ ಕ್ಲಾಸಿನ ಬಗ್ಗೆ ನನ್ ಮಾತು ಕೇಳು ಮಗಾ. ಹೋದ್ ವರ್ಷ ನಾನು ಬೇಕಂತಲೇ ಎಲ್ಲಾನೂ 8ಕ್ಕೆ ಹಾಕ್ಸಿದ್ದೆ, ಬೇಗ ಏಳೋ ಅಭ್ಯಾಸ ಆಗುತ್ತೆ ಅಂತ. ಅಭ್ಯಾಸ ಆಗ್ಲಿಲ್ಲ, ಕ್ಲಾಸ್ ತಪ್ಸೋ ಅಭ್ಯಾಸ ಆಯ್ತು. ರಾತ್ರಿ 1 ಗಂಟೆಗೆ ಮಲಗೋ ಪ್ರಾಣಿ ನಾನು, ಟೈಮ್‌ಟೇಬಲ್ ಬರೆದ ತಕ್ಷಣ ಬೇರೆ ಪ್ರಾಣಿ ಆಗ್ತೀನಾ. ಹದಿಹರೆಯದ ಕೊನೇಲಿ ದೇಹದ ಗಡಿಯಾರವೇ ಸ್ವಲ್ಪ ತಡ ಆಗಿರುತ್ತೆ ಅಂತ ಆಮೇಲೆ ಓದ್ದೆ, ಇಪ್ಪತ್ತು ದಾಟಿದ ಮೇಲೆ ನಿಧಾನಕ್ಕೆ ವಾಪಸ್ ಬರುತ್ತಂತೆ. ಸೋಂಬೇರಿ ಅಂತ ಬೈಸ್ಕೊಂಡಿದ್ದೆಲ್ಲ ವೇಸ್ಟು. ಆದ್ರೂ ನಿಂಗೆ 6ಕ್ಕೆ ಎಚ್ಚರ ಆಗುತ್ತೆ ಅಂದ್ರೆ 8 ಗಂಟೆ ಕ್ಲಾಸ್ ಬಂಗಾರ, ಮಧ್ಯಾಹ್ನ ಪೂರ್ತಿ ಸಿಗುತ್ತೆ. ಹೋದ ತಿಂಗಳು ನೀನು ನಿಜವಾಗಿ ಎಷ್ಟೊತ್ತಿಗೆ ಎದ್ದೆ ಅಂತ ನೋಡು, ಎಷ್ಟೊತ್ತಿಗೆ ಏಳ್ಬೇಕು ಅಂತಿದೀಯ ಅನ್ನೋದನ್ನಲ್ಲ.

ಟೈಮ್‌ಟೇಬಲ್‌ಮನುಷ್ಯ
ನಾನು ಒಂದು ಕಾಲೇಜಲ್ಲಿ ಟೈಮ್‌ಟೇಬಲ್ ಮಾಡೋ ಕೆಲಸ ಮಾಡಿದೀನಿ, ಎಲ್ರೂ ಬೈಯೋ ಆ ಮನುಷ್ಯ ನಾನೇ. ಒಳಗಿನ ಕಥೆ ಸ್ವಲ್ಪ ಹೇಳ್ತೀನಿ, ಉಪಯೋಗಕ್ಕೆ ಬರಬಹುದು.

ಮೊದಲು ಕೂರ್ಸೋದು ಲ್ಯಾಬು. ರೂಮು ಕಡಿಮೆ, ಮೂರು ಗಂಟೆ ಒಂದೇ ಉಸಿರಿಗೆ ಬೇಕು, ಒಂದು ಬ್ಯಾಚಿಗೆ ಇಷ್ಟೇ ಜನ ಅಂತ ಮಿತಿ ಬೇರೆ. ಆಮೇಲೆ ಎರಡು ಮೂರು ಡಿಪಾರ್ಟ್‌ಮೆಂಟಿಗೆ ಪಾಠ ಮಾಡೋ ಮೇಷ್ಟ್ರುಗಳು. ಆಮೇಲೆ ದೊಡ್ಡ ಹಾಲ್ ಬೇಕಾಗೋ ಕ್ಲಾಸು. ಎಲೆಕ್ಟಿವ್‌ಗಳು ಕೊನೇಗೆ, ಸಂದೀಲಿ ಜಾಗ ಸಿಕ್ಕ ಕಡೆ. ಹಾಗಾಗಿ ನೀನೂ ಅದೇ ಕ್ರಮದಲ್ಲಿ ಆರಿಸು. ಲ್ಯಾಬ್ ಮೊದಲು ಹಿಡ್ಕೋ, ಒಂದೇ ಸೆಕ್ಷನ್ ಇರೋ ಸಬ್ಜೆಕ್ಟ್ ಆಮೇಲೆ, ನಾಲ್ಕೈದು ಸೆಕ್ಷನ್ ಇರೋದನ್ನ ಕೊನೇಗೆ ಇಡು. ಬಹಳಷ್ಟು ಹುಡುಗರು ಉಲ್ಟಾ ಮಾಡ್ತಾರೆ, ಇಷ್ಟದ ಎಲೆಕ್ಟಿವ್ ಮೊದಲು ಹಾಕಿ ಆಮೇಲೆ ಲ್ಯಾಬ್ ಅದಕ್ಕೇ ಕ್ಲ್ಯಾಶ್ ಅಂತ ಬಂದು ನನ್ ಟೇಬಲ್ ಮುಂದೆ ನಿಲ್ತಾರೆ.

ಪರೀಕ್ಷೆ ವಿಷಯ. ಎಷ್ಟೋ ಕಾಲೇಜಲ್ಲಿ ಕ್ಲಾಸಿನ ಸ್ಲಾಟ್ ನೋಡಿ ಫೈನಲ್ ಪರೀಕ್ಷೆ ದಿನ ಹಾಕ್ತಾರೆ. ನಿಮ್ಮಲ್ಲೂ ಹಾಗಿದ್ರೆ, ಬೆನ್ನಿಗೆ ಬೆನ್ನು ಕೊಟ್ಟ ಕ್ಲಾಸುಗಳ ಪರೀಕ್ಷೆನೂ ಒಂದೇ ದಿನ ಬಂದ್ ಕೂರಬಹುದು. ಹೋದ ವರ್ಷದ ಪರೀಕ್ಷಾ ವೇಳಾಪಟ್ಟಿ ತೆಗೆದು ನೋಡು, ಎರಡು ನಿಮಿಷದ ಕೆಲಸ.

ನೀವ್ಯಾಕೆ ಕ್ಲ್ಯಾಶ್ ಇಲ್ಲದ ಹಾಗೆ ಮಾಡಲ್ಲ ಅಂತ ಕೇಳೋರಿಗೆ: ಪ್ರತಿ ಸಬ್ಜೆಕ್ಟು ಒಂದು ಚುಕ್ಕಿ ಅಂದ್ಕೊಳಿ. ಒಬ್ಬನೇ ಹುಡುಗ ಎರಡೂ ತಗೊಂಡಿದ್ರೆ ಎರಡು ಚುಕ್ಕಿ ಮಧ್ಯೆ ಗೆರೆ. ಗೆರೆ ಇರೋ ಚುಕ್ಕಿಗಳಿಗೆ ಒಂದೇ ಬಣ್ಣ ಹಚ್ಚಬಾರದು, ಬಣ್ಣ ಅಂದ್ರೆ ಟೈಮ್ ಸ್ಲಾಟ್. ಎಲ್ಲಕ್ಕಿಂತ ಕಡಿಮೆ ಬಣ್ಣದಲ್ಲಿ ಮುಗಿಸಿ ಅನ್ನೋದೇ ಲೆಕ್ಕ. ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲಿ 21 ಮಹಾ ಕಷ್ಟದ ಲೆಕ್ಕಗಳ ಪಟ್ಟಿ ಕೊಟ್ರಲ್ಲ, ಅದರಲ್ಲಿ ಇದೂ ಇದೆ. ಚುಕ್ಕಿ ಜಾಸ್ತಿ ಆದಾಗ ಕಂಪ್ಯೂಟರೂ ಇರೋದ್ರಲ್ಲಿ ಪರವಾಗಿಲ್ಲ ಅನ್ನೋ ಉತ್ತರಕ್ಕೇ ತೃಪ್ತಿ ಪಡುತ್ತೆ. ಹಾಗಾಗಿ ಬೈಯೋವಾಗ ಸ್ವಲ್ಪ ಕರುಣೆ ಇರ್ಲಿ.

ಕೊನೇಬೆಂಚು
ಕರುಣೆ ಇಲ್ಲ. ನನ್ ಕೊನೇ ಎರಡು ಪೇಪರ್ ಒಂದೇ ದಿನ ಹಾಕಿದ್ದೋರು ನೀವೇ ಇರ್ಬೇಕು 😂

ನಿಧಾನವೇಪ್ರಧಾನ
ಯಾರೂ ಹೇಳ್ಲಿಲ್ಲ ಅಂತ ಹೇಳ್ತಿದೀನಿ, ಕ್ಲಾಸ್ ನಡೆಯೋ ರೂಮು ಎಲ್ಲಿದೆ ನೋಡಿದೀರಾ? ಟೈಮ್‌ಟೇಬಲ್ಲಲ್ಲಿ 9ಕ್ಕೆ ಒಂದು ಮುಗಿದು 9ಕ್ಕೇ ಇನ್ನೊಂದು ಶುರು ಅಂತಿರುತ್ತೆ, ಕಾಗದದ ಮೇಲೆ ಕ್ಲ್ಯಾಶ್ ಇಲ್ಲ. ನಾನು ಊರುಗೋಲು ಹಿಡಿದು ನಡೆಯೋನು, ಕೆಮಿಸ್ಟ್ರಿ ಬ್ಲಾಕಿಂದ ಮೇನ್ ಬ್ಲಾಕಿಗೆ ನಂಗೆ 14 ನಿಮಿಷ, ಲಿಫ್ಟ್ ಕೆಟ್ಟಿದ್ರೆ ಕೇಳೋದೇ ಬೇಡ. ಮೊದಲ ಸೆಮಿಸ್ಟರ್ ಪೂರ್ತಿ ಒಂದು ಕ್ಲಾಸಿನ ಮೊದಲ ಕಾಲು ಗಂಟೆ ನಾನು ಕೇಳೇ ಇಲ್ಲ. ಕಾಲು ಚೆನ್ನಾಗಿರೋರಿಗೂ ಏದುಸಿರು ಬಿಡ್ತಾ ಬಂದು ಕೂತ ಮೇಲೆ ತಲೆ ಒಂದು ಜಾಗಕ್ಕೆ ಬರೋಕೆ ಟೈಮ್ ಬೇಕು. ಬೇಕಾದಾಗ ಬೇಗ ರಿಜಿಸ್ಟ್ರೇಷನ್ ಮಾಡ್ಕೊಳೋ ಅವಕಾಶ ಕೇಳಿ, ಕೆಲವು ಕಡೆ ಕೊಡ್ತಾರೆ, ಕೇಳದೇ ಇದ್ರೆ ಯಾರೂ ತಾವಾಗೇ ಬಂದು ಕೊಡಲ್ಲ.

ಎರಡನೇಇನಿಂಗ್ಸ್
ನಾನು ಮದುವೆ ಆಗಿ ಮಗು ಆದ್ಮೇಲೆ ವಾಪಸ್ ಓದೋಕೆ ಬಂದೋಳು, ಸೆಮಿಸ್ಟರಿಗೆ 9 ಕ್ರೆಡಿಟ್ ಅಷ್ಟೆ ಮಾಡ್ತೀನಿ, ಡಿಗ್ರಿ ಮುಗಿಯೋಕೆ ಜಾಸ್ತಿ ವರ್ಷ ಹಿಡಿಯುತ್ತೆ, ಹಿಡೀಲಿ.

ನೀವೆಲ್ಲ ಮಾಮೂಲಿ ವಾರದ ಲೆಕ್ಕ ಹಾಕ್ತಿದೀರಿ. ಮಾಮೂಲಿ ವಾರದಲ್ಲಿ ಯಾರೂ ಮುಳುಗಲ್ಲಪ್ಪ. ಮುಳುಗೋದು ಏಳನೇ ವಾರದಲ್ಲಿ, ಹದಿಮೂರನೇ ವಾರದಲ್ಲಿ. ನಾನು ಮಾಡೋದು ಹೀಗೆ: ಒಂದು ದೊಡ್ಡ ಹಾಳೆ ತಗೊಂಡು 15 ಅಡ್ಡ ಗೆರೆ, ವಾರಕ್ಕೊಂದು. ಎಲ್ಲಾ ಸಬ್ಜೆಕ್ಟಿನ ಸಿಲಬಸ್ ಪಕ್ಕದಲ್ಲಿಟ್ಕೊಂಡು ಟೆಸ್ಟ್, ಅಸೈನ್‌ಮೆಂಟ್, ಪ್ರಾಜೆಕ್ಟ್ ಡೇಟು, ಮಗೂನ ಸ್ಕೂಲ್ ರಜ, ಎಲ್ಲಾ ಅದೇ ಹಾಳೇಲಿ. ಫೋನ್ ಕ್ಯಾಲೆಂಡರ್ ಇದಕ್ಕೆ ಆಗಲ್ಲ, ಅದು ಒಂದೊಂದೇ ವಾರ ತೋರ್ಸುತ್ತೆ, ಮುಂದೆ ಬರ್ತಿರೋ ಗುಡ್ಡ ಕಾಣಲ್ಲ. ಹಾಳೆ ನೋಡಿದ್ರೆ ಯಾವ ಗೆರೆ ಮೇಲೆ ಶಾಯಿ ಗುಡ್ಡೆ ಬಿದ್ದಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ. ಆ ಗೆರೇನ ನೀನು ತಡ್ಕೊಳ್ಳೋಕೆ ಆಗುತ್ತಾ ಅಂತ ಕೇಳ್ಕೋ. ಸಿಲಬಸ್ ಇನ್ನೂ ಬಂದಿಲ್ಲ ಅಂದ್ರೆ ಹೋದ ಸಲ ತಗೊಂಡೋರ ಹತ್ರ ಇಸ್ಕೋ, ಡೇಟು ಬದಲಾದ್ರೂ ವಾರ ಹೆಚ್ಚುಕಮ್ಮಿ ಅದೇ ಇರುತ್ತೆ.

ಆಮೇಲೆ ನೀನು ಗುರುವಾರ ಶುಕ್ರವಾರ ಕಾಲೇಜಿಲ್ಲದ ಹಾಗೆ ಪ್ಲಾನ್ ಮಾಡಿದೀಯ, ಅದು ರಜ ಅಲ್ಲ, ಐದು ಗಂಟೆ ನಿಂತು ಕೆಲಸ ಮಾಡಿ ಬಂದು ಓದೋ ದಿನ. ಆ ದಿನ ನೀನು ಎಷ್ಟು ಓದಿದೀಯ ಇಲ್ಲೀವರೆಗೆ? ಸತ್ಯ ಹೇಳು.

ಮೂರನೇಸೆಮ್
ಸತ್ಯ ಹೇಳ್ಬೇಕು ಅಂದ್ರೆ ಸೊನ್ನೆ ಅಕ್ಕ. ಬಂದು ಬಿದ್ಕೊಂತೀನಿ.

ಸರಿ ಹಾಗಾದ್ರೆ ಒಂದು ಬಿಡ್ತೀನಿ. ಸ್ಟ್ಯಾಟಿಸ್ಟಿಕ್ಸ್ ಬಿಡೋಣ ಅಂತ, ಅದೇ ಎಲ್ಲಕ್ಕಿಂತ ಕಷ್ಟ, ಮುಂದಿನ ವರ್ಷ ನೋಡ್ಕೊಂಡ್ರಾಯ್ತು.

ಗಣಿತದವಳು
ಬೇಡಾ ಬೇಡಾ ಬೇಡಾ. ಕಷ್ಟ ಅಂತ ಬಿಡೋದು ದೊಡ್ಡ ತಪ್ಪು. ಯಾವುದರ ಹಿಂದೆ ಯಾವುದು ಕಾಯ್ತಿದೆ ನೋಡಿ ಬಿಡ್ಬೇಕು. ನಿನ್ ಕೋರ್ಸಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಸ್ ಆಗದೇ ಮುಂದೆ ಏನೇನ್ ತಗೊಳ್ಳೋಕೆ ಆಗಲ್ಲ?

ಮೂರನೇಸೆಮ್
ನೋಡ್ದೆ. ನಾಲ್ಕನೇ ಸೆಮ್ಮಲ್ಲಿ ಒಂದು, ಐದರಲ್ಲಿ ಎರಡು. ಮತ್ತೆ ಸ್ಟ್ಯಾಟಿಸ್ಟಿಕ್ಸ್ ಬೆಸ ಸೆಮಿಸ್ಟರಲ್ಲಿ ಮಾತ್ರ ಕೊಡ್ತಾರೆ. ಅಯ್ಯೋ.

ಟೈಮ್‌ಟೇಬಲ್‌ಮನುಷ್ಯ
ನೋಡಿದ್ಯಾ, ಈಗ ಬಿಟ್ರೆ ಒಂದು ವರ್ಷ ಪೂರ್ತಿ ಹಿಂದೆ. ಇದನ್ನ ನಾನು ಎಷ್ಟು ಸಲ ನೋಡಿದೀನೋ, ಎರಡನೇ ವರ್ಷದಲ್ಲಿ ಬಿಟ್ಟ ಒಂದು ಸಬ್ಜೆಕ್ಟಿಗೋಸ್ಕರ ಕೊನೇ ವರ್ಷ ಆದ್ಮೇಲೆ ಇನ್ನೊಂದು ಸೆಮಿಸ್ಟರ್ ಬರೀ ಅದೊಂದಕ್ಕೆ ಬರೋದು. ಎಕನಾಮಿಕ್ಸ್ ಯಾವಾಗ್ಯಾವಾಗ ಇರುತ್ತೆ?

ಮೂರನೇಸೆಮ್
ಎಲ್ಲಾ ಸೆಮ್ಮಲ್ಲೂ ಇದೆ, ಅದರ ಹಿಂದೆ ಯಾವುದೂ ಇಲ್ಲ.

ಗಣಿತದವಳು
ಹಂಗಾದ್ರೆ ಬಿಡಬೇಕಾದ್ದು ಅದೇ. ಇಷ್ಟದ್ದು ಅಂತ ಗೊತ್ತು, ಎಲ್ಲೂ ಓಡಿ ಹೋಗಲ್ಲ.

ಕೊನೇಬೆಂಚು
ರೈಟಿಂಗ್ ಬಿಡ್ಬೇಡ ಗುರು. ನಾನು 24 ಮಾಡಿ ಬದುಕಿದ್ದು ಹೇಗೆ ಅಂದ್ರೆ ಅದರಲ್ಲಿ ಎರಡು ಓದಿ ಬರೆಯೋವು ಇದ್ವು, ಲೆಕ್ಕ ಮಾಡಿ ತಲೆ ಕೆಟ್ಟಾಗ ಅದಕ್ಕೆ ಹಾರ್ತಿದ್ದೆ. ನಾಲ್ಕೂ ಲೆಕ್ಕದ್ದೇ ಆದ್ರೆ ನಾಲ್ಕೂ ಒಂದೇ ಜಾಗದಲ್ಲಿ ಉರಿಯುತ್ತೆ. ಆಮೇಲೆ ನಿಜ ಹೇಳ್ಬಿಡ್ತೀನಿ, ನಂಗೆ ಆಗ ಕೆಲಸ ಇರ್ಲಿಲ್ಲ, ಹಾಸ್ಟೆಲ್ ಕ್ಲಾಸಿನ ಎದುರಿಗೇ ಇತ್ತು.

ಗಣಿತದವಳು
ಇದನ್ನ ಮೊದಲನೇ ಕಾಮೆಂಟಲ್ಲೇ ಹೇಳೋಕೇನಾಗಿತ್ತು ಮಹರಾಯ.

ಎರಡನೇಇನಿಂಗ್ಸ್
ಬಿಡೋಕೆ ಮುಂಚೆ ಒಂದು ಚೆಕ್ ಮಾಡು, ಸ್ಕಾಲರ್‌ಶಿಪ್ಪೋ ಹಾಸ್ಟೆಲ್ಲೋ ಇದ್ರೆ ಕಡಿಮೆ ಅಂದ್ರೂ ಇಷ್ಟು ಕ್ರೆಡಿಟ್ ಇರ್ಬೇಕು ಅಂತ ನಿಯಮ ಇರಬಹುದು. ಮತ್ತೆ ಡ್ರಾಪ್ ಮಾಡೋ ಕೊನೇ ದಿನ ಬೇರೆ, ವಿತ್‌ಡ್ರಾ ಮಾಡೋ ಕೊನೇ ದಿನ ಬೇರೆ. ಡ್ರಾಪ್ ಅಂದ್ರೆ ತಗೊಂಡೇ ಇರ್ಲಿಲ್ಲ ಅನ್ನೋ ಲೆಕ್ಕ, ವಿತ್‌ಡ್ರಾ ಅಂದ್ರೆ ಮಾರ್ಕ್ಸ್ ಕಾರ್ಡಲ್ಲಿ ಗುರುತು ಉಳಿಯೋದು ಸಾಮಾನ್ಯ. ಎರಡೂ ಡೇಟನ್ನ ಆ ಹಾಳೇಲಿ ಕೆಂಪು ಶಾಯೀಲಿ ಬರಿ.

ಮೂರನೇಸೆಮ್
ಹೊಸ ಪ್ಲಾನ್. 19 ಕ್ರೆಡಿಟ್, ಕ್ಲಾಸ್ 22 ಗಂಟೆ, ನಾಲ್ಕು ದಿನ: ಸೋಮ ಮಂಗಳ ಬುಧ ಗುರು. ಗಣಿತ ಸೋಮ ಬುಧ ಗುರು ಆಯ್ತು. ಸ್ಟ್ಯಾಟಿಸ್ಟಿಕ್ಸ್ ಮಂಗಳ ಗುರು ಬೆಳಿಗ್ಗೆ 10ಕ್ಕೆ, ತಲೆ ಓಡೋ ಟೈಮಿಗೆ. ಕೆಮಿಸ್ಟ್ರಿ ಲ್ಯಾಬ್ ಸೋಮವಾರ ಮಧ್ಯಾಹ್ನ, ಅದರ ಹಿಂದಿನ ಕ್ಲಾಸೂ ಅದೇ ಬ್ಲಾಕಲ್ಲಿ. ಕ್ಲಾಸಿನ ಮಧ್ಯೆ ಮಂಗಳವಾರ ಎರಡು ಗಂಟೆ ಗ್ಯಾಪ್ ಬಂದಿದೆ, ಮೊದಲಾಗಿದ್ರೆ ವೇಸ್ಟ್ ಅಂತಿದ್ದೆ, ಈಗ ಲೈಬ್ರರೀಲಿ ಕೂತು ಹಿಂದಿನ ದಿನದ ಲೆಕ್ಕ ಮಾಡೋಕೆ ಅಂತ ಬರ್ದಿಟ್ಟಿದೀನಿ. ಕೆಲಸ ಶುಕ್ರ ಶನಿ ಎರಡೇ ದಿನ, 10 ಗಂಟೆ. ದುಡ್ಡು ಕಡಿಮೆ ಆಗುತ್ತೆ, ಅದೊಂದು ಹೊಟ್ಟೆ ಉರಿ ಇದೆ, ಮನೇಲಿ ಇನ್ನೂ ಹೇಳಿಲ್ಲ.

ಅರ್ಧನಿದ್ದೆ
ಆ ಗ್ಯಾಪಲ್ಲಿ ಕ್ಯಾಂಟೀನ್ ಕಡೆ ಹೋಗ್ಬೇಡ, ಲೈಬ್ರರಿ ಅಂತ ಹೊರಟೋರು ಅಲ್ಲೇ ಕರಗಿ ಹೋಗೋದು. ಸ್ವಾನುಭವ.

ಚಾಕ್‌ಪೀಸು
ಎಷ್ಟೋ ವಾಸಿ. ಓದೋ ಟೈಮನ್ನ ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತೀನೇ ಇಟ್ಕೊಳಿ. ಕೆಲಸ ಎಷ್ಟೊತ್ತು ಹಿಡಿಯುತ್ತೆ ಅಂತ ಅಂದಾಜು ಹಾಕೋವಾಗ ನಾವೆಲ್ಲ ಕಡಿಮೇನೇ ಹಾಕೋದು, ಹೋದ ಸಲ ತಡ ಆಗಿದ್ದು ನೆನಪಿದ್ರೂ ಈ ಸಲ ಆಗಲ್ಲ ಅಂತಾನೇ ನಂಬ್ತೀವಿ. ಕಾನೆಮನ್ ಮತ್ತು ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರು ಇಟ್ಟಿದಾರೆ. ಇಪ್ಪತ್ತು ವರ್ಷದಿಂದ ಪಾಠ ಮಾಡೋ ನಾನೂ ಉತ್ತರಪತ್ರಿಕೆ ಕಟ್ಟು ಎರಡು ದಿನದಲ್ಲಿ ಮುಗಿಸ್ತೀನಿ ಅಂತ ಈಗಲೂ ಹೇಳ್ತೀನಿ.

ಮೂರನೇಸೆಮ್
ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ. ಕ್ಲಾಸ್ ಶುರುವಾಗಿ ಎರಡು ವಾರ ಆಯ್ತು. ಸ್ಟ್ಯಾಟಿಸ್ಟಿಕ್ಸಿನ 10 ಗಂಟೆ ಸೆಕ್ಷನ್ ಫುಲ್ ಆಗಿತ್ತು, ವೇಟಿಂಗ್ ಲಿಸ್ಟಲ್ಲಿ ನಾಲ್ಕನೇಯವನು ನಾನು, ಮಧ್ಯಾಹ್ನ 3ರ ಸೆಕ್ಷನಲ್ಲಿ ಕೂತ್ಕೊಂಡೇ ಕಾಯ್ತಿದ್ದೆ, ಮೊದಲ ವಾರದ ಕೊನೇಲಿ ಸಿಕ್ತು. ಬಹಳ ಜನ ಮೊದಲ ವಾರದಲ್ಲಿ ಬಿಡ್ತಾರಂತೆ. ಮನೇಲಿ ಹೇಳ್ದೆ, ಅಪ್ಪ ಒಂದು ದಿನ ಮಾತಾಡ್ಲಿಲ್ಲ, ಆಮೇಲೆ ಸರಿ ಹೋಯ್ತು.

ಹಾಳೆ ಗೋಡೆಗೆ ಅಂಟಿಸಿದೀನಿ. ಬುಧವಾರ ಇನ್ನೂ ಸಂಜೆ 5ರವರೆಗೆ ಇದೆ, ಅದೊಂದು ದಿನ ಸಾಕಪ್ಪಾ ಅನ್ಸುತ್ತೆ. ಏಳನೇ ವಾರದಲ್ಲಿ ಮಂಗಳವಾರ ಗಣಿತ ಟೆಸ್ಟ್, ಬುಧವಾರ ಕೆಮಿಸ್ಟ್ರಿ, ಅದೇ ಬುಧವಾರ ರಾತ್ರಿ ರೈಟಿಂಗ್ ಅಸೈನ್‌ಮೆಂಟ್ ಕೊಡ್ಬೇಕು. ಎರಡನೇಇನಿಂಗ್ಸ್ ಅಕ್ಕ, ಇದಕ್ಕೇನ್ ಮಾಡ್ಲಿ?

ಎರಡನೇಇನಿಂಗ್ಸ್
ರೈಟಿಂಗ್ ಮೇಡಂ ಹತ್ರ ಈಗಲೇ ಹೋಗಿ ಕೇಳು, ಸೋಮವಾರಾನೇ ಕೊಟ್ಬಿಡ್ತೀನಿ, ಟಾಪಿಕ್ ಒಂದು ವಾರ ಮುಂಚೆ ಸಿಗುತ್ತಾ ಅಂತ. ಮುಂಚೆ ಕೊಡ್ತೀನಿ ಅನ್ನೋರನ್ನ ಯಾರೂ ಬೈಯಲ್ಲ. ಆರನೇ ವಾರದಲ್ಲಿ ಹೋಗಿ ಎರಡು ದಿನ ಟೈಮ್ ಕೊಡಿ ಅಂದ್ರೆ ಮಾತು ಬೇರೆ ಥರ ಇರುತ್ತೆ. ಕೆಲಸದ ಕಡೆನೂ ಅದರ ಹಿಂದಿನ ಶನಿವಾರ ರಜ ಬೇಕು ಅಂತ ಈಗಲೇ ಬರೆದು ಕೊಡು.

ಮೂರನೇಸೆಮ್
ಶನಿವಾರ ಕೇಳಾಯ್ತು, ಒಪ್ಪಿದ್ರು. ಮೇಡಂನ ನಾಳೆ ಕ್ಲಾಸ್ ಮುಗಿದ ಮೇಲೆ ಹಿಡೀತೀನಿ.